ಮಗನ ಬ್ಯಾಗಿನಲ್ಲಿ ನಾರ್ಕಾನ್ ಸಿಕ್ಕಿತು, ಚೀಟಿ ಇಲ್ಲದೆ ಹೇಗೆ ಕೊಟ್ಟರು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೇವೆ. ಮಗನಿಗೆ ಕಾಲೇಜು ಎರಡನೇ ವರ್ಷ. ರಜೆಗೆ ಬಂದಾಗ ಬಟ್ಟೆ ಒಗೆಯೋಣ ಅಂತ ಬ್ಯಾಗ್ ಬಿಚ್ಚಿದೆ. ಒಳಗೆ ನಾರ್ಕಾನ್ ಅನ್ನುವ ಮೂಗಿನ ಸ್ಪ್ರೇ ಇತ್ತು. ಗಾಬರಿಯಾಗಿ ಕೇಳಿದರೆ, "ಕಾಲೇಜಲ್ಲಿ ಎಲ್ಲರಿಗೂ ಸುಮ್ನೆ ಕೊಡ್ತಾರೆ ಅಮ್ಮ" ಅಂದ. ನಮ್ಮ ಯಜಮಾನರಿಗೆ ಬೆನ್ನಿನ ಆಪರೇಷನ್ ಆಗಿದೆ. ಅದೇ ವಾರ ಅವರ ನೋವಿನ ಮಾತ್ರೆ ತರಲು ಹೋದಾಗ ಫಾರ್ಮಸಿಯವರೂ "ನಾರ್ಕಾನ್ ಬೇಕಾ?" ಅಂತ ಕೇಳಿದರು. ಡಾಕ್ಟರು ಬರೆದಿರಲೇ ಇಲ್ಲ. ಒಂದು ಆ್ಯಂಟಿಬಯಾಟಿಕ್ ಕೊಡೋಕೂ ಚೀಟಿ ಕೇಳುವ ದೇಶದಲ್ಲಿ ಇದನ್ನು ಹಾಗೇ ಹೇಗೆ ಕೊಡುತ್ತಾರೆ? ತಗೊಂಡರೆ ವಿಮೆಯಲ್ಲಿ ನಮ್ಮ ಹೆಸರು ಕೆಡುತ್ತದಾ? ಯಾರಿಗಾದರೂ ಹಾಕಿ ಹೆಚ್ಚುಕಮ್ಮಿ ಆದರೆ ಕೇಸು, ವೀಸಾ ತೊಂದರೆ ಬರುತ್ತದಾ? ಹೆಸರು ಹಾಕಬೇಡಿ.

ಉತ್ತರ: ಮೊದಲು ಮಗನ ವಿಷಯ ಮುಗಿಸೋಣ. ಉಳಿದದ್ದನ್ನು ಓದುವಾಗ ನಿಮ್ಮ ಮನಸ್ಸು ಅಲ್ಲೇ ಇರುತ್ತದೆ, ನನಗೆ ಗೊತ್ತು.

ನಾರ್ಕಾನ್ ಅಂದರೆ ಮಾದಕ ವಸ್ತುವೋ ಜೋರು ನೋವಿನ ಮಾತ್ರೆಯೋ ಮಿತಿ ಮೀರಿ, ಅಂದರೆ ಓವರ್‌ಡೋಸ್ ಆಗಿ, ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಔಷಧ. ಅದು ಬ್ಯಾಗಿನಲ್ಲಿ ಇದೆ ಅಂದರೆ ಹುಡುಗ ಏನೋ ತಗೊಳ್ಳುತ್ತಿದ್ದಾನೆ ಅಂತ ಅಲ್ಲ. ಕಾರಿನಲ್ಲಿ ಸ್ಟೆಪ್ನಿ ಇಟ್ಟವರೆಲ್ಲ ಪಂಕ್ಚರ್ ಮಾಡಿಕೊಳ್ಳೋಕೆ ಹೊರಟವರಲ್ಲ ಅಲ್ವಾ? ಅವನು ಹೇಳಿದ್ದು ನಿಜವೇ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಒಂದು ಕಾನೂನು ಬಂತು. ಕಮ್ಯುನಿಟಿ ಕಾಲೇಜುಗಳು ಮತ್ತು ರಾಜ್ಯ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಈ ಔಷಧವನ್ನು ಇಟ್ಟುಕೊಂಡು ಹಂಚಲೇಬೇಕು ಅಂತ ಅದು ಹೇಳುತ್ತದೆ. ಕಾರಣ ಫೆಂಟನಿಲ್, ಚಿಟಿಕೆಯಷ್ಟೇ ಜೀವ ತೆಗೆಯಬಲ್ಲ ಮಾದಕ ಔಷಧ. ಪಾರ್ಟಿಯಲ್ಲಿ ಯಾರೋ ಕೊಟ್ಟ ಮಾತ್ರೆ ನೋಡೋಕೆ ಮಾಮೂಲಿ ನೋವಿನ ಮಾತ್ರೆ ಥರವೇ, ನಿದ್ದೆ ಮಾತ್ರೆ ಥರವೇ ಇರುತ್ತದೆ. ಒಳಗೆ ಫೆಂಟನಿಲ್ ಬೆರೆತಿರುತ್ತದೆ. ನುಂಗಿದವನಿಗೆ ಗೊತ್ತೇ ಇರುವುದಿಲ್ಲ. ನಿಮ್ಮ ಮಗ ಮುಟ್ಟದೆ ಇರಬಹುದು, ಪಕ್ಕದ ರೂಮಿನ ಹುಡುಗ ಮುಟ್ಟಬಹುದು. ಆ ರಾತ್ರಿ ಬಾಗಿಲು ತಟ್ಟಿದಾಗ ಯಾರ ಬ್ಯಾಗಿನಲ್ಲಾದರೂ ಇದು ಇರಲಿ ಅಂತಲೇ ಎಲ್ಲರಿಗೂ ಕೊಡುವುದು. ಬೈಯಬೇಡಿ. ಬೈದರೆ ಅವನು ಅದನ್ನು ಬಿಸಾಕುತ್ತಾನೆ, ಅಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಾನು ಮೈಸೂರಿನಲ್ಲಿ ಬಿ.ಫಾರ್ಮ್ ಮುಗಿಸಿ ಇಲ್ಲಿಗೆ ಬಂದವನು. ಕ್ಯಾಲಿಫೋರ್ನಿಯಾದ ಫಾರ್ಮಸಿ ಕೌಂಟರುಗಳ ಹಿಂದೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಈ ಕಾನೂನು ಬದಲಾಗಿದ್ದನ್ನು ಪೇಪರಿನಲ್ಲಿ ಓದಿದ್ದಕ್ಕಿಂತ ಕೌಂಟರಿನಲ್ಲಿ ನೋಡಿದ್ದೇ ಜಾಸ್ತಿ.

ಔಷಧ ಏನು ಮಾಡುತ್ತದೆ ಅಂತ ಒಂದು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಕಾನೂನು ಅರ್ಥವಾಗುವುದಿಲ್ಲ. ನಾರ್ಕಾನ್ ಅನ್ನುವುದು ಕಂಪನಿ ಇಟ್ಟ ಹೆಸರು. ಔಷಧದ ಹೆಸರು ನಲಾಕ್ಸೋನ್. ಅಫೀಮು, ಹೆರಾಯಿನ್, ಮಾರ್ಫಿನ್, ಫೆಂಟನಿಲ್, ನಿಮ್ಮ ಯಜಮಾನರಿಗೆ ಕೊಟ್ಟಿರಬಹುದಾದ ಆಕ್ಸಿಕೋಡೋನ್ ಥರದ ಮಾತ್ರೆ, ಎಲ್ಲ ಒಂದೇ ಜಾತಿ. ಇವಕ್ಕೆ ಓಪಿಯಾಯ್ಡ್ ಅನ್ನುತ್ತಾರೆ. ಇವು ಮಿದುಳಿನಲ್ಲಿ ಒಂದು ಜಾಗದಲ್ಲಿ ಹೋಗಿ ಕೂರುತ್ತವೆ. ಅಲ್ಲಿ ಕೂತು ನೋವನ್ನು ತಗ್ಗಿಸುತ್ತವೆ. ಜಾಸ್ತಿ ಆದರೆ ಉಸಿರಾಟವನ್ನೇ ನಿಧಾನ ಮಾಡುತ್ತವೆ. ಓವರ್‌ಡೋಸ್ ಆದವರು ಸಾಯುವುದು ವಿಷ ಏರಿ ಅಲ್ಲ, ಉಸಿರಾಡುವುದು ಮರೆತು.

ನಮ್ಮೂರ ಕೆಂಪು ಬಸ್ಸು ನೆನಪಿಸಿಕೊಳ್ಳಿ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದೆವಲ್ಲ? ನಲಾಕ್ಸೋನ್ ಅದಕ್ಕಿಂತ ಒರಟು. ಕೂತವನನ್ನೇ ಎಬ್ಬಿಸಿ ತಾನು ಕೂರುತ್ತದೆ. ಕೂತು ಏನೂ ಮಾಡುವುದಿಲ್ಲ, ಸೀಟು ಬಿಡುವುದಿಲ್ಲ, ಅಷ್ಟೇ. ಎರಡು ಮೂರು ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಆದರೆ 30ರಿಂದ 90 ನಿಮಿಷದಲ್ಲಿ ಅದು ತನ್ನ ಸ್ಟಾಪಿನಲ್ಲಿ ಇಳಿದುಹೋಗುತ್ತದೆ. ಸೀಟು ಕಳೆದುಕೊಂಡ ಓಪಿಯಾಯ್ಡ್ ಇನ್ನೂ ಬಸ್ಸಿನಲ್ಲೇ ನಿಂತಿದ್ದರೆ ಮತ್ತೆ ಅದೇ ಸೀಟಿನಲ್ಲಿ ಕೂರುತ್ತದೆ. ಅದಕ್ಕೇ ಸ್ಪ್ರೇ ಹಾಕಿದರೂ ತುರ್ತು ಸಹಾಯದ 911ಕ್ಕೆ ಫೋನ್ ಮಾಡಲೇಬೇಕು. ಒಳಗೆ ಓಪಿಯಾಯ್ಡ್ ಇಲ್ಲದೇ ಇದ್ದರೆ? ಏನೂ ಆಗುವುದಿಲ್ಲ. ಖಾಲಿ ಸೀಟಿನಲ್ಲಿ ಕೂತು ಇಳಿದುಹೋಗುತ್ತದೆ. ಇದರಿಂದ ನಶೆ ಬರುವುದಿಲ್ಲ, ಚಟ ಹತ್ತುವುದಿಲ್ಲ.

ಇಷ್ಟು ನಿರುಪದ್ರವಿ ಔಷಧಕ್ಕೆ ಚೀಟಿ ಯಾಕೆ ಬೇಕಿತ್ತು ಅಂತ ಕೇಳಬಹುದು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಆಗ ಇದ್ದದ್ದು ಇಂಜೆಕ್ಷನ್ ಮಾತ್ರ, ಬಳಸುತ್ತಿದ್ದದ್ದು ಆಸ್ಪತ್ರೆ ಮತ್ತು ಆ್ಯಂಬುಲೆನ್ಸಿನವರು. ಹಾಗಾಗಿ ಚೀಟಿ ಪಟ್ಟಿಗೆ ಸೇರಿತು. ಯಾವ ಔಷಧಕ್ಕೆ ಚೀಟಿ ಬೇಕು, ಯಾವುದಕ್ಕೆ ಬೇಡ ಅಂತ ಇಲ್ಲಿ ಗೆರೆ ಎಳೆದಿದ್ದು 1951ರ ಕಾನೂನು. ಅದನ್ನು ತಂದ ಇಬ್ಬರು, ಕಾರ್ಲ್ ಡರ್ಹಮ್ ಮತ್ತು ಮುಂದೆ ಉಪರಾಷ್ಟ್ರಪತಿಯಾದ ಹ್ಯೂಬರ್ಟ್ ಹಂಫ್ರಿ, ಇಬ್ಬರೂ ಫಾರ್ಮಸಿಸ್ಟರೇ! ನಮ್ಮ ಕೈ ಕಟ್ಟಿದವರು ನಮ್ಮವರೇ ಅಂತ ನಾವು ಕೆಲಸದ ಮಧ್ಯೆ ತಮಾಷೆ ಮಾಡಿಕೊಳ್ಳುವುದುಂಟು.

ಚೀಟಿ ಅನ್ನುವ ಪದ್ಧತಿಯನ್ನೇ ಸ್ವಲ್ಪ ನೋಡಿ. ಒಬ್ಬ ಡಾಕ್ಟರು, ಅವರ ಎದುರು ಒಬ್ಬ ರೋಗಿ. ಡಾಕ್ಟರು ಪರೀಕ್ಷೆ ಮಾಡಿ ಆ ರೋಗಿಯ ಹೆಸರಿಗೆ ಬರೆಯುತ್ತಾರೆ. ಔಷಧ ಆ ಹೆಸರಿನವರ ಹೊಟ್ಟೆಗೆ ಹೋಗಬೇಕು. ಬಿಪಿ ಮಾತ್ರೆಗೆ ಇದು ಸರಿ. ನಲಾಕ್ಸೋನಿಗೆ? ಇದು ಬೇಕಾಗುವ ಮನುಷ್ಯ ಆ ಹೊತ್ತಿನಲ್ಲಿ ನೆಲದ ಮೇಲೆ ಬಿದ್ದಿರುತ್ತಾನೆ. ಬಂದು ಕೇಳಲಾರ, ತಾನೇ ಹಾಕಿಕೊಳ್ಳಲಾರ. ಕೊಂಡಿಟ್ಟುಕೊಳ್ಳಬೇಕಾದವರು ಬೇರೆ ಯಾರೋ. ಅಮ್ಮ, ಹೆಂಡತಿ, ರೂಮ್‌ಮೇಟ್. ಅವರಿಗೆ ಕಾಯಿಲೆ ಇಲ್ಲ, ಹಾಗಾಗಿ ಅವರ ಹೆಸರಿಗೆ ಬರೆಯೋಕೆ ಬರುವುದಿಲ್ಲ. ಯಾರಿಗೆ ಹಾಕುತ್ತಾರೋ ಅವನನ್ನು ಡಾಕ್ಟರು ನೋಡಿಲ್ಲ, ಅವನ ಹೆಸರಿಗೂ ಬರೆಯೋಕೆ ಬರುವುದಿಲ್ಲ. ಔಷಧ ಕಪಾಟಿನಲ್ಲೇ ಇತ್ತು. ಅದನ್ನು ತೆಗೆದುಕೊಡೋಕೆ ಕಾನೂನಿನಲ್ಲಿ ಒಂದು ಹೆಸರು ಸಿಗುತ್ತಿರಲಿಲ್ಲ. ಮುಂದಿನ ಇಪ್ಪತ್ತೈದು ವರ್ಷದ ಕಥೆಯೆಲ್ಲ ಈ ಗಂಟನ್ನು ಒಂದೊಂದೇ ಎಳೆ ಬಿಡಿಸಿದ್ದು.

ಮೊದಲು ಕೈ ಹಾಕಿದವರು ಶಾಸಕರಲ್ಲ. 1996ರಲ್ಲಿ ಶಿಕಾಗೋದಲ್ಲಿ ಡ್ಯಾನ್ ಬಿಗ್ ಅನ್ನುವವರು ಮತ್ತು ಅವರ ಜೊತೆಯವರು, ತಮ್ಮದೇ ಗುಂಪಿನ ಒಬ್ಬ ಗೆಳೆಯ ಓವರ್‌ಡೋಸ್ ಆಗಿ ತೀರಿಹೋದ ಮೇಲೆ, ಹೆರಾಯಿನ್ ಚುಚ್ಚಿಕೊಳ್ಳುವವರ ಕೈಗೇ ನಲಾಕ್ಸೋನ್ ಸೀಸೆ ಕೊಡೋಕೆ ಶುರು ಮಾಡಿದರು. ಕಾನೂನು ಒಪ್ಪುತ್ತದಾ ಅಂತ ಕಾದು ಕೂರಲಿಲ್ಲ. 2001ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯ ಕಾನೂನು ಮಾಡಿತು. ಈ ಔಷಧ ಬರೆದ ಡಾಕ್ಟರ ಮೇಲೂ, ಹಾಕಿದ ಜನಸಾಮಾನ್ಯರ ಮೇಲೂ ಕೇಸಿಲ್ಲ ಅಂತ. ಉಳಿದ ರಾಜ್ಯಗಳು ನಿಧಾನಕ್ಕೆ ಹಿಂದೆ ಬಂದವು. 2017ರ ಹೊತ್ತಿಗೆ 50 ರಾಜ್ಯಗಳಲ್ಲೂ ಒಂದಲ್ಲ ಒಂದು ಬಗೆಯ ನಲಾಕ್ಸೋನ್ ಕಾನೂನು ಬಂದಿತ್ತು.

ಇಲ್ಲಿ ಒಂದು ತೊಡಕಿದೆ. ಔಷಧವನ್ನು ಚೀಟಿ ಪಟ್ಟಿಯಿಂದ ತೆಗೆಯುವುದು ರಾಜ್ಯದ ಕೈಯಲ್ಲಿ ಇಲ್ಲ. ಅದು ಔಷಧಗಳಿಗೆ ಒಪ್ಪಿಗೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಎಫ್‌ಡಿಎ ಕೆಲಸ. ಹಾಗಾಗಿ ರಾಜ್ಯಗಳು ಉಪಾಯ ಮಾಡಿದವು. ಚೀಟಿ ಇರಲಿ, ಆದರೆ ಚೀಟಿ ಬರೆಯುವವರು ಬದಲಾಗಲಿ.

ಜಾಸ್ತಿ ರಾಜ್ಯಗಳು ಹಿಡಿದ ದಾರಿಗೆ ಸ್ಟ್ಯಾಂಡಿಂಗ್ ಆರ್ಡರ್ ಅನ್ನುತ್ತಾರೆ. ಒಬ್ಬ ಡಾಕ್ಟರು, ಎಷ್ಟೋ ಕಡೆ ರಾಜ್ಯದ ಆರೋಗ್ಯ ಇಲಾಖೆಯ ಹಿರಿಯ ವೈದ್ಯಾಧಿಕಾರಿಯೇ, ಒಂದೇ ಒಂದು ಆದೇಶಕ್ಕೆ ಸಹಿ ಹಾಕುತ್ತಾರೆ. ಅದರಲ್ಲಿ ರೋಗಿಯ ಹೆಸರಿಲ್ಲ. ಬಂದು ಕೇಳಿದವರಿಗೆಲ್ಲ ಕೊಡಿ ಅಂತ ಇರುತ್ತದೆ. ಇಡೀ ರಾಜ್ಯದ ಫಾರ್ಮಸಿಗಳಿಗೆ ಅದೇ ಚೀಟಿ. ಪೆನ್ಸಿಲ್ವೇನಿಯಾದಲ್ಲಿ 2015ರಲ್ಲಿ ರಾಜ್ಯದ ವೈದ್ಯಾಧಿಕಾರಿ ರೇಚಲ್ ಲೆವಿನ್ ಹೀಗೆ ಸಹಿ ಹಾಕಿದರು. ಕೇಳೋಕೆ ವಿಚಿತ್ರ ಅನಿಸಬಹುದು, ನಿಮಗೆ ಇದು ಹೊಸದಲ್ಲ. ಪ್ರತಿ ಚಳಿಗಾಲ ಫಾರ್ಮಸಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೀರಿ, ಯಾವ ಡಾಕ್ಟರ ಚೀಟಿ ತೋರಿಸಿದಿರಿ? ನಮ್ಮೂರ ಪಿಎಚ್‌ಸಿಯಲ್ಲಿ ಮಕ್ಕಳಿಗೆ ಪೋಲಿಯೋ ಹನಿ ಹಾಕುವಾಗಲೂ ಒಂದೊಂದು ಮಗುವಿಗೆ ಒಂದೊಂದು ಚೀಟಿ ಬರೆಯುತ್ತಾ ಕೂರುವುದಿಲ್ಲ.

ಕ್ಯಾಲಿಫೋರ್ನಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲ್ಲಿ ಫಾರ್ಮಸಿಸ್ಟಿಗೇ ನೇರ ಅಧಿಕಾರ. 2014ರಲ್ಲಿ ಕಾನೂನು ಪಾಸಾಗಿ 2015ರ ಜನವರಿಯಿಂದ ಜಾರಿಗೆ ಬಂತು. ಅದರ ಹಿಂದೆ ಯಾವ ಡಾಕ್ಟರ ಸಹಿಯೂ ಬೇಡ. ನಾವು ಒಂದು ಗಂಟೆ ತರಬೇತಿ ಮುಗಿಸಬೇಕು, ರಾಜ್ಯದ ಫಾರ್ಮಸಿ ಬೋರ್ಡ್ ಬರೆದ ನಿಯಮದ ಪ್ರಕಾರ ಕೊಡಬೇಕು. ಆ ನಿಯಮದಲ್ಲಿ ಮೂರು ಪ್ರಶ್ನೆ ಇದ್ದವು. ನೀವು ಓಪಿಯಾಯ್ಡ್ ತಗೊಳ್ಳುತ್ತೀರಾ, ಅಥವಾ ಹಿಂದೆ ತಗೊಂಡಿದ್ದಿರಾ? ತಗೊಳ್ಳುವವರು ಯಾರಾದರೂ ನಿಮ್ಮ ಸಂಪರ್ಕದಲ್ಲಿ ಇದ್ದಾರಾ? ನಲಾಕ್ಸೋನ್ ಅಂದರೆ ಯಾರಿಗಾದರೂ ಅಲರ್ಜಿ ಇದೆಯಾ? ಎರಡನೇ ಪ್ರಶ್ನೆಯೇ ಈ ಕಾನೂನಿನ ಜೀವ. ಚೀಟಿ ಪದ್ಧತಿಯಲ್ಲಿ ಎಂದೂ ಇಲ್ಲದ ಮಾತು ಅದು: ಬೇರೆಯವರಿಗೋಸ್ಕರ ನೀವು ಔಷಧ ತಗೊಳ್ಳಬಹುದು.

ನಿಮ್ಮ ಯಜಮಾನರ ವಿಷಯದಲ್ಲಿ ಇನ್ನೂ ಒಂದು ಕಾನೂನು ಸೇರಿಕೊಳ್ಳುತ್ತದೆ. 2019ರಿಂದ ಇಲ್ಲಿನ ಡಾಕ್ಟರುಗಳು, ರೋಗಿಗೆ ಓಪಿಯಾಯ್ಡ್ ಜೋರು ಡೋಸಿನಲ್ಲಿ ಕೊಡುತ್ತಿದ್ದರೆ, ಅಥವಾ ಅದರ ಜೊತೆ ಆತಂಕಕ್ಕೆ ಕೊಡುವ ಅಲ್ಪ್ರಜೋಲಾಂ ಥರದ ಮಾತ್ರೆಯೂ ಇದ್ದರೆ, ನಲಾಕ್ಸೋನನ್ನೂ ಬರೆದುಕೊಡುತ್ತೇನೆ ಅಂತ ಕೇಳಲೇಬೇಕು. ಡಾಕ್ಟರು ಕೇಳದೆ ಬಿಟ್ಟದ್ದನ್ನು ಫಾರ್ಮಸಿಯವರು ಕೇಳಿದ್ದಾರೆ. ಅವರು ನಿಮ್ಮ ಯಜಮಾನರನ್ನು ಅನುಮಾನದಿಂದ ನೋಡಲಿಲ್ಲ. ವಯಸ್ಸಾದವರು ರಾತ್ರಿ ನೋವು ತಡೆಯದೆ ತಗೊಂಡಿದ್ದು ಮರೆತು ಇನ್ನೊಂದು ಮಾತ್ರೆ ನುಂಗುವುದು, ಜೊತೆಗೆ ನಿದ್ದೆ ಮಾತ್ರೆ, ಮೇಲೆ ಗೊರಕೆ ಕಾಯಿಲೆ. ಇಂಥ ಮನೆಗಳಲ್ಲೂ ಓವರ್‌ಡೋಸ್ ಆಗುತ್ತದೆ. ಮೊಮ್ಮಗು ಮಾತ್ರೆಯನ್ನು ಪೆಪ್ಪರ್‌ಮಿಂಟ್ ಅಂದುಕೊಂಡು ಬಾಯಿಗೆ ಹಾಕಿಕೊಳ್ಳುವ ಮನೆಗಳಲ್ಲೂ.

ಕಾನೂನು ಬಂತು ಅಂದರೆ ಔಷಧ ಜನರ ಕೈಗೆ ಬಂತು ಅಂತ ಅಲ್ಲ. ಇದನ್ನು ನಾನು ಬೇರೆಯವರ ಕಡೆ ಬೆರಳು ತೋರಿಸಿ ಹೇಳುತ್ತಿಲ್ಲ. 2016ರಲ್ಲಿ ನಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ನಡೆದದ್ದು. ಸಂಜೆ ಐದೂವರೆ, ಕ್ಯೂನಲ್ಲಿ ಆರೇಳು ಜನ. ಸುಮಾರು ಐವತ್ತು ವರ್ಷದ ಒಬ್ಬ ಹೆಂಗಸು ಕೌಂಟರಿನ ಹುಡುಗನ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಕೇಳಿದರು. ಹುಡುಗ ಹೊಸಬ. ನಾನು ಹಿಂದೆ ಮಾತ್ರೆ ಎಣಿಸುತ್ತಿದ್ದೆ. ಅವನು ಅಲ್ಲಿಂದಲೇ ಕೂಗಿದ: "ನಾರ್ಕಾನ್‌ಗೆ ಪ್ರಿಸ್ಕ್ರಿಪ್ಷನ್ ಬೇಕಲ್ವಾ?" ಕ್ಯೂನಲ್ಲಿದ್ದವರೆಲ್ಲ ಆಕೆಯ ಕಡೆ ತಿರುಗಿದರು. ನಾನು ಗ್ಲೌಸ್ ಬಿಚ್ಚಿ ಈಚೆ ಬರುವಷ್ಟರಲ್ಲಿ ಆಕೆ ಒಂದು ಟೂತ್‌ಪೇಸ್ಟಿಗೆ ದುಡ್ಡು ಕೊಟ್ಟು ಹೋಗಿಬಿಟ್ಟಿದ್ದರು. ಪಾರ್ಕಿಂಗಿಗೆ ಓಡಿದೆ. ಸಿಗಲಿಲ್ಲ. ನನ್ನ ಒಂದು ಗಂಟೆ ತರಬೇತಿಯ ಸರ್ಟಿಫಿಕೇಟು ಡ್ರಾಯರಿನಲ್ಲಿತ್ತು, ಔಷಧ ಎರಡನೇ ಶೆಲ್ಫಿನಲ್ಲಿತ್ತು, ಕಾನೂನು ಬಂದು ವರ್ಷ ದಾಟಿತ್ತು. ಹುಡುಗನಿಗೆ ಹೇಳಿಕೊಟ್ಟಿರಲಿಲ್ಲ. ತಪ್ಪು ನನ್ನದೇ.

ನಮ್ಮ ಅಂಗಡಿ ಒಂದೇ ಅಲ್ಲ. ಕಾನೂನು ಜಾರಿಯಾಗಿ ಎರಡು ವರ್ಷದ ಮೇಲೆ ಸಂಶೋಧಕರು ಕ್ಯಾಲಿಫೋರ್ನಿಯಾದ ಸಾವಿರಕ್ಕೂ ಹೆಚ್ಚು ಫಾರ್ಮಸಿಗಳಿಗೆ ಗಿರಾಕಿಗಳ ಥರ ಫೋನ್ ಮಾಡಿ ಚೀಟಿ ಇಲ್ಲದೆ ನಲಾಕ್ಸೋನ್ ಕೊಡುತ್ತೀರಾ ಅಂತ ಕೇಳಿದರು. ಕೊಡುತ್ತೇವೆ ಅಂದದ್ದು 23.5% ಮಾತ್ರ. 2018ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಟೆಕ್ಸಾಸಿನಲ್ಲಿ ದೊಡ್ಡ ಚೈನ್ ಅಂಗಡಿಗಳನ್ನು ಹೀಗೇ ಕೇಳಿದ್ದರು. ಅಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಅಂಗಡಿಗಳು ಹೂಂ ಅಂದವು. ಅಲ್ಲಿದ್ದದ್ದು ಸ್ಟ್ಯಾಂಡಿಂಗ್ ಆರ್ಡರ್. ದೊಡ್ಡ ಕಂಪನಿ ತನ್ನ ಎಲ್ಲ ಅಂಗಡಿಗೂ ಒಂದೇ ಆದೇಶ ಮಾಡಿಸಿಕೊಂಡಿತ್ತು, ಕೆಳಗಿನವರು ತಲೆ ಕೆಡಿಸಿಕೊಳ್ಳುವ ಅಗತ್ಯ ಇರಲಿಲ್ಲ. ನಮ್ಮಲ್ಲಿ ಒಬ್ಬೊಬ್ಬ ಫಾರ್ಮಸಿಸ್ಟೂ ತಾನೇ ತರಬೇತಿ ಮಾಡಿಕೊಂಡು, ತಾನೇ ಕೂತು ವಿವರಿಸಿ, ತಾನೇ ದಾಖಲೆ ಬರೆಯಬೇಕಿತ್ತು. ಆ ವಿವರಣೆಗೆ ವಿಮೆಯವರು ಪೈಸೆ ಕೊಡುತ್ತಿರಲಿಲ್ಲ.

ಹಾಗಂತ ನೇರ ಅಧಿಕಾರ ವ್ಯರ್ಥ ಅಂತ ತಿಳಿಯಬೇಡಿ. 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಎಲ್ಲ ರಾಜ್ಯಗಳನ್ನೂ ಹೋಲಿಸಿ ನೋಡಿತು. ಫಾರ್ಮಸಿಸ್ಟಿಗೆ ನೇರ ಅಧಿಕಾರ ಕೊಟ್ಟ ರಾಜ್ಯಗಳಲ್ಲಿ ಓಪಿಯಾಯ್ಡ್ ಸಾವು ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಬರೀ ಕೇಸಿಲ್ಲ ಅಂತ ರಕ್ಷಣೆ ಕೊಟ್ಟು ಬಿಟ್ಟ ರಾಜ್ಯಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಎದುರಾಗಿ ವಾದ ಮಾಡಿದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಉಳಿಸುವ ಔಷಧ ಕೈಯಲ್ಲಿದ್ದರೆ ಜನ ಇನ್ನೂ ಧೈರ್ಯ ಮಾಡಿ ಚುಚ್ಚಿಕೊಳ್ಳುತ್ತಾರೆ ಅನ್ನುವುದು ಅವರ ಮಾತು. ನನಗೆ ಇದು ಒಪ್ಪಿಗೆ ಇಲ್ಲ. ನಲಾಕ್ಸೋನ್ ಹಾಕಿಸಿಕೊಂಡು ಎದ್ದವರನ್ನು ಒಮ್ಮೆ ನೋಡಿದರೆ ಸಾಕು. ಬೆವರು, ವಾಂತಿ, ಮೈಯೆಲ್ಲ ನೋವು, ಚಡಪಡಿಕೆ. ಬೇಕು ಅಂತ ಆ ಸ್ಥಿತಿಗೆ ಹೋಗುವವರನ್ನು ನಾನಂತೂ ಕಂಡಿಲ್ಲ.

ವಿಮೆಯ ಬಗ್ಗೆ ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. 2018ರಲ್ಲಿ ಬಾಸ್ಟನ್ನಿನ ಒಬ್ಬ ನರ್ಸ್ ಜೀವವಿಮೆಗೆ ಅರ್ಜಿ ಹಾಕಿದ್ದರು. ವಿಮೆ ಕಂಪನಿಯವರು ಆಕೆಯ ಔಷಧದ ದಾಖಲೆಯಲ್ಲಿ ನಲಾಕ್ಸೋನ್ ಕಂಡು ಅರ್ಜಿ ತಿರಸ್ಕರಿಸಿದರು. ಆಕೆ ಅದನ್ನು ಇಟ್ಟುಕೊಂಡಿದ್ದು ದಾರಿಯಲ್ಲಿ ಬಿದ್ದವರನ್ನು ಉಳಿಸೋಕೆ! ಈ ವಿಷಯ ದೊಡ್ಡ ಸುದ್ದಿಯಾಯಿತು, ಅಲ್ಲಿನ ಸರ್ಕಾರವೂ ಮಧ್ಯೆ ಬರಬೇಕಾಯಿತು. ಆರೋಗ್ಯ ವಿಮೆಯ ಮಾತು ಬೇರೆ. ಅದರಲ್ಲಿ ಈ ಕಾರಣಕ್ಕೆ ಪ್ರೀಮಿಯಂ ಏರಿಸುವಂತಿಲ್ಲ. ಜೀವವಿಮೆಯ ಅರ್ಜಿ ಹಾಕುವ ಯೋಚನೆ ಇದ್ದರೆ, ಫಾರ್ಮಸಿ ಕಂಪ್ಯೂಟರಿನಲ್ಲಿ ಹೆಸರು ಬರೆಸದೆ ತಗೊಳ್ಳುವ ದಾರಿ ಈಗ ಇದೆ.

ಆ ದಾರಿ ತೆರೆದದ್ದು 2023ರಲ್ಲಿ. ಮಾರ್ಚ್ 29ರಂದು ಎಫ್‌ಡಿಎ 4 ಮಿಲಿಗ್ರಾಂ ನಾರ್ಕಾನ್ ಸ್ಪ್ರೇಯನ್ನು ಚೀಟಿ ಪಟ್ಟಿಯಿಂದಲೇ ತೆಗೆಯಿತು. ಸೆಪ್ಟೆಂಬರಿನಲ್ಲಿ ಅಂಗಡಿಗೆ ಬಂತು, ಎರಡು ಸ್ಪ್ರೇ ಇರುವ ಪೆಟ್ಟಿಗೆಗೆ ಸುಮಾರು 45 ಡಾಲರ್. ಕೆಮ್ಮಿನ ಸಿರಪ್ಪಿನ ಪಕ್ಕದಲ್ಲೇ ಇಡಬಹುದು, ಯಾರೂ ಏನೂ ಕೇಳುವಂತಿಲ್ಲ. ಅಷ್ಟು ಬೆಲೆಯ ಪೆಟ್ಟಿಗೆಯನ್ನು ಕೆಲವು ಅಂಗಡಿಗಳು ಕಳ್ಳತನದ ಭಯಕ್ಕೆ ಗಾಜಿನ ಬಾಗಿಲ ಹಿಂದೆ ಬೀಗ ಹಾಕಿ ಇಡುತ್ತವೆ. ಚೀಟಿ ಹೋಯಿತು, ಬೀಗದ ಕೈ ಬಂತು! ಮತ್ತೆ ಯಾರನ್ನೋ ಕರೆದು ಕೇಳಬೇಕು.

ಹಾಗಾದರೆ ಫಾರ್ಮಸಿಸ್ಟ್ ಕೊಡುವ ಕಾನೂನು ಈಗ ಯಾಕೆ ಬೇಕು? ದುಡ್ಡಿಗೆ. ನಾವು ನಮ್ಮ ಅಧಿಕಾರದಲ್ಲಿ ಚೀಟಿ ಥರವೇ ದಾಖಲು ಮಾಡಿ ಕೊಟ್ಟರೆ ಎಷ್ಟೋ ವಿಮೆಗಳು ಪೂರ್ತಿ ಅಥವಾ ಮುಕ್ಕಾಲು ಪಾಲು ಕೊಡುತ್ತವೆ. ಕಡಿಮೆ ಆದಾಯದವರಿಗೆ ರಾಜ್ಯ ಕೊಡುವ ಆರೋಗ್ಯ ವಿಮೆ ಮೆಡಿ-ಕ್ಯಾಲ್ ಇದ್ದವರಿಗೂ ಹಾಗೇ. ನೀವಾಗೇ ಶೆಲ್ಫಿನಿಂದ ಎತ್ತಿಕೊಂಡರೆ ಕೈಯಿಂದ ಕೊಡಬೇಕು. ಅದೂ ಅಲ್ಲದೆ ಇಂಜೆಕ್ಷನ್ ಮತ್ತು 8 ಮಿಲಿಗ್ರಾಂ ಸ್ಪ್ರೇ ಇನ್ನೂ ಚೀಟಿ ಪಟ್ಟಿಯಲ್ಲೇ ಇವೆ. 8 ಮಿಲಿಗ್ರಾಂ ಅಂದ ತಕ್ಷಣ ಅದೇ ಒಳ್ಳೇದು ಅಂದುಕೊಳ್ಳಬೇಡಿ. ನ್ಯೂಯಾರ್ಕ್ ರಾಜ್ಯದ ಪೊಲೀಸರು ಎರಡನ್ನೂ ಬಳಸಿ ನೋಡಿದ ಲೆಕ್ಕ 2024ರಲ್ಲಿ ಬಂತು. ಬದುಕಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ, 8ರಲ್ಲಿ ವಾಂತಿ ಮತ್ತು ಸಂಕಟ ಮಾತ್ರ ಜಾಸ್ತಿ ಇತ್ತು. ನಿಮಗೆ 4 ಸಾಕು.

ಕಡಿಮೆ ದುಡ್ಡಿಗೆ ಬೇಕು ಅಂದರೆ ಕ್ಯಾಲಿಫೋರ್ನಿಯಾ ಸರ್ಕಾರವೇ ಕ್ಯಾಲ್‌ಆರ್‌ಎಕ್ಸ್ ಅನ್ನುವ ಹೆಸರಿನಲ್ಲಿ ಎರಡು ಸ್ಪ್ರೇಯ ಪೆಟ್ಟಿಗೆಯನ್ನು 24 ಡಾಲರಿಗೆ ಮಾರಿಸುತ್ತಿದೆ. ಪುಕ್ಕಟೆ ಬೇಕು ಅಂದರೆ ಕೌಂಟಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಕೇಳಿ. ಎಷ್ಟೋ ಕಡೆ ಲೈಬ್ರರಿಗಳಲ್ಲೂ ಕೊಡುತ್ತಾರೆ. ಅಲ್ಲಿ ಹೆಸರೂ ಬರೆಸಬೇಕಿಲ್ಲ.

ಕೇಸಿನ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆ ಮನಸ್ಸಿನಿಂದ, ದುಡ್ಡು ತಗೊಳ್ಳದೆ, ಎಚ್ಚರ ವಹಿಸಿ ನಲಾಕ್ಸೋನ್ ಹಾಕಿದವರಿಗೆ ಕಾನೂನಿನ ರಕ್ಷಣೆ ಇದೆ. ಬಿದ್ದವನು ಬದುಕಲಿಲ್ಲ ಅಂತ, ಸ್ಪ್ರೇ ಹಾಕಿದ ನಿಮ್ಮ ಮಗನನ್ನು ಕೋರ್ಟಿಗೆ ಎಳೆಯೋಕೆ ಆಗುವುದಿಲ್ಲ. 911ಕ್ಕೆ ಫೋನ್ ಮಾಡಿದವರಿಗೆ ಬೇರೆ ರಕ್ಷಣೆ ಇದೆ, 2013ರಿಂದ. ಫೋನ್ ಮಾಡಿದವನು, ಬಿದ್ದವನು ಇಬ್ಬರೂ ನಶೆಯಲ್ಲಿದ್ದರೂ, ತಮ್ಮ ಬಳಕೆಗೆ ಅಂತ ಸ್ವಲ್ಪ ಮಾಲು ಇಟ್ಟುಕೊಂಡಿದ್ದರೂ, ಅಷ್ಟಕ್ಕೇ ಅವರ ಮೇಲೆ ಕೇಸು ಹಾಕುವಂತಿಲ್ಲ. ಮಾರುತ್ತಿದ್ದವರಿಗೆ ಈ ರಕ್ಷಣೆ ಇಲ್ಲ, ನಶೆಯಲ್ಲಿ ಕಾರು ಓಡಿಸಿದವರಿಗೂ ಇಲ್ಲ. ಮಗನಿಗೆ ಈ ಒಂದು ಪ್ಯಾರಾ ಓದಿ ಹೇಳಿ. ಎಷ್ಟೋ ರೂಮುಗಳಲ್ಲಿ ಹುಡುಗರು ಪೊಲೀಸರ ಭಯಕ್ಕೆ ಫೋನ್ ಮಾಡದೆ, ತಲೆಗೆ ತಣ್ಣೀರು ಸುರಿಯುತ್ತಾ ಕೂತುಬಿಡುತ್ತಾರೆ.

ವೀಸಾ ಬಗ್ಗೆ ನೇರವಾಗಿ ಹೇಳುತ್ತೇನೆ. ನಲಾಕ್ಸೋನ್ ಮಾದಕ ವಸ್ತು ಅಲ್ಲ, ನಿಯಂತ್ರಿತ ಪಟ್ಟಿಯಲ್ಲೂ ಇಲ್ಲ. ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಕ್ಕೆ, ಯಾರಿಗೋ ಹಾಕಿದ್ದಕ್ಕೆ ವೀಸಾಗಾಗಲಿ ಗ್ರೀನ್ ಕಾರ್ಡಿಗಾಗಲಿ ತೊಂದರೆ ಇಲ್ಲ. ಆದರೆ ಮೇಲೆ ಹೇಳಿದ 911 ರಕ್ಷಣೆ ರಾಜ್ಯದ ಕಾನೂನು. ವೀಸಾ ನೋಡುವವರು ಕೇಂದ್ರದವರು, ರಾಜ್ಯದ ಕಾನೂನು ಅವರನ್ನು ಕಟ್ಟಿಹಾಕುವುದಿಲ್ಲ. ಯಾರದ್ದಾದರೂ ಹತ್ತಿರ ಮಾದಕ ವಸ್ತು ಸಿಕ್ಕಿ ವಿಷಯ ಮುಂದುವರಿದರೆ, ಬಾಯಿ ಬಿಡುವ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಲಿ. ಅದು ಮಾರನೇ ದಿನದ ಕೆಲಸ. ಆ ರಾತ್ರಿಯ ಕೆಲಸ ಫೋನ್ ಮಾಡುವುದು.

ಮನೆಯಲ್ಲಿ ಹೇಗೆ ಬಳಸುವುದು? ಮಲಗಿರುವವರು ಕರೆದರೂ ಏಳದಿದ್ದರೆ ಎದೆಯ ಮಧ್ಯದ ಮೂಳೆಯನ್ನು ಮುಷ್ಟಿಯ ಗೆಣ್ಣಿನಿಂದ ಜೋರಾಗಿ ತಿಕ್ಕಿ ನೋಡಿ. ಆದರೂ ಏಳದಿದ್ದರೆ, ಉಸಿರು ತೀರಾ ನಿಧಾನ ಇದ್ದರೆ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ ಕಾಯಬೇಡಿ. ತುಟಿ, ಉಗುರು ನೋಡಿ. ನಮ್ಮಂಥ ಕಂದು ಮೈಯವರಲ್ಲಿ ನೀಲಿ ಅಷ್ಟು ಬೇಗ ಕಾಣುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುತ್ತದೆ. ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಸ್ಪ್ರೇಯ ತುದಿಯನ್ನು ಒಂದು ಹೊಳ್ಳೆಯೊಳಗೆ ಪೂರ್ತಿ ತೂರಿಸಿ ಹೆಬ್ಬೆರಳಿನಿಂದ ಒತ್ತಿ. 911ಕ್ಕೆ ಫೋನ್ ಮಾಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಉಸಿರಿಗೆ ಸಿಕ್ಕಿಕೊಳ್ಳಬಾರದು. ಎರಡು ಮೂರು ನಿಮಿಷ ಕಾದು ಏನೂ ಆಗದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೇ ಸ್ಪ್ರೇ. ಕುಡಿತದಿಂದಲೋ ನಿದ್ದೆ ಮಾತ್ರೆಯಿಂದಲೋ ಬಿದ್ದಿದ್ದರೆ ಇದು ಎಬ್ಬಿಸುವುದಿಲ್ಲ, ಆದರೆ ಕೆಡುಕೂ ಮಾಡುವುದಿಲ್ಲ. ಗೊತ್ತಿಲ್ಲದಾಗ ಹಾಕಿಬಿಡಿ.

ಊರಿಗೆ ಹೋದಾಗ ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಇದನ್ನು ಹೀಗೇ ಕೇಳೋಕೆ ಬರುವುದಿಲ್ಲ. ನಮ್ಮಲ್ಲಿ ನಲಾಕ್ಸೋನ್ ಅಂದರೆ ಹೆಚ್ಚಾಗಿ ಆಸ್ಪತ್ರೆಯ ಇಂಜೆಕ್ಷನ್. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಡಾಕ್ಟರ ಟ್ರೇಯಲ್ಲಿ, ತುರ್ತು ವಿಭಾಗದಲ್ಲಿ ಇರುತ್ತದೆ. ಫಾರ್ಮಸಿಸ್ಟ್ ತಾನೇ ನಿರ್ಧರಿಸಿ ಕೊಡುವ ಅಧಿಕಾರ ನಮ್ಮ ಕಾನೂನಿನಲ್ಲಿ ಇಲ್ಲ. ಚಟ ಬಿಡಿಸುವ ಚಿಕಿತ್ಸೆಗೆ ಬುಪ್ರೆನಾರ್ಫಿನ್ ಜೊತೆ ನಲಾಕ್ಸೋನ್ ಸೇರಿಸಿದ ಮಾತ್ರೆ ಕೊಡುತ್ತಾರೆ. ಹೆಸರು ಒಂದೇ ಅಂತ ಗೊಂದಲ ಮಾಡಿಕೊಳ್ಳಬೇಡಿ, ಬಿದ್ದವರನ್ನು ಎಬ್ಬಿಸೋಕೆ ಅದು ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ರಕ್ಷಣೆ ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ಮಾತ್ರ. ಊರಿನಲ್ಲಿ ಬಂಧುಗಳ ಮನೆಯಲ್ಲಿ ಯಾರಿಗಾದರೂ ಚಟದ ತೊಂದರೆ ಇದ್ದರೆ 14446 ಅನ್ನುವ ಸಹಾಯವಾಣಿ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಕೊನೆಗೆ ಪೆಟ್ಟಿಗೆಯ ವಿಷಯ. ಯಜಮಾನರ ಮಾತ್ರೆಗೆ ಬೀಗ ಹಾಕಿ, ಸ್ಪ್ರೇಗೆ ಹಾಕಬೇಡಿ. ದೇವರ ಮನೆ ಪಕ್ಕದ ಕಪಾಟಿನಲ್ಲೋ, ಫ್ರಿಜ್ಜಿನ ಮೇಲೋ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಲಿ. ಫ್ರಿಜ್ಜಿನ ಒಳಗೆ ಬೇಡ, ಬೇಸಿಗೆಯಲ್ಲಿ ಕಾರಿನೊಳಗೂ ಬೇಡ. ಹೊಸ ಪೆಟ್ಟಿಗೆಗಳಿಗೆ ತಯಾರಾದ ದಿನದಿಂದ 4 ವರ್ಷ ಆಯಸ್ಸು, ತಾರೀಖು ಮೇಲೇ ಅಚ್ಚಾಗಿರುತ್ತದೆ. ಊರಿನಿಂದ ನಿಮ್ಮ ಅತ್ತೆ ಮಾವ ಬಂದು ಆರು ತಿಂಗಳು ಇರುವುದಾದರೆ ಅವರಿಗೂ ತೋರಿಸಿಕೊಡಿ. ಒಂದು ಮಾತು ಮರೆಯದೆ ಹೇಳಿ: ಪರೀಕ್ಷೆ ಮಾಡಿ ನೋಡಬಾರದು. ಒಂದು ಸ್ಪ್ರೇಯಲ್ಲಿ ಒಂದೇ ಡೋಸ್ ಇರುತ್ತದೆ, ಒತ್ತಿದರೆ ಮುಗಿಯಿತು. ಕಳೆದ ವರ್ಷ ಮಗಳ ಜೊತೆ ನಮ್ಮ ಕೌಂಟರಿಗೆ ಬಂದಿದ್ದ ಹಾಸನದ ಕಡೆಯ ಒಬ್ಬ ಅಜ್ಜಿಗೆ ಎಲ್ಲವನ್ನೂ ಕನ್ನಡದಲ್ಲೇ ವಿವರಿಸಿ, ಇದೊಂದನ್ನು ಹೇಳೋಕೆ ಮರೆತೆ. ಮೂರನೇ ದಿನ ಮಗಳು ವಾಪಸ್ ಬಂದಳು. ಕೆಲಸ ಮಾಡುತ್ತೋ ಇಲ್ಲವೋ ಅಂತ ಅಜ್ಜಿ ಎರಡನ್ನೂ ತುಳಸಿ ಗಿಡದ ಮೇಲೆ ಒತ್ತಿ ನೋಡಿದ್ದರಂತೆ. ಹೊಸ ಪೆಟ್ಟಿಗೆ ಕೊಟ್ಟು ಕಳಿಸಿದೆ.